ನಾಲ್ಕು ಸಾವಿರ ಪುಸ್ತಕ, ಮೂರು ತಿಂಗಳು: ಬಸವನಗುಡಿಯ ಲೇಖಕರೊಬ್ಬರ ಸಂಗ್ರಹದ ಪ್ರಕರಣ

ಬಸವನಗುಡಿಯ ಹಳೆಯ ಮನೆ. ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್ ಜೊತೆ ಕರಾರಾಗಿದೆ, ಮಾರ್ಚ್ ಮುಗಿಯುವುದರೊಳಗೆ ಖಾಲಿ ಮಾಡಿಕೊಡಬೇಕು. ಯಜಮಾನರು ಎಂಬತ್ತು ದಾಟಿದ ಲೇಖಕರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಕಥೆ, ವಿಮರ್ಶೆ, ಅನುವಾದ ಮೂರರಲ್ಲೂ ಕೆಲಸ ಮಾಡಿದವರು. ಹೈಸ್ಕೂಲಿನಲ್ಲಿ ಬಹುಮಾನವಾಗಿ ಬಂದ ಪುಸ್ತಕದಿಂದ ಹಿಡಿದು ಹೋದ ತಿಂಗಳು ಅಂಚೆಯಲ್ಲಿ ಬಂದ ಕವನಸಂಕಲನದವರೆಗೆ ಒಂದನ್ನೂ ಬಿಟ್ಟುಕೊಟ್ಟವರಲ್ಲ. ಮುಂದಿನ ವಾಸ ಬನಶಂಕರಿ ಕಡೆಯ ಮಗಳ ಫ್ಲ್ಯಾಟಿನಲ್ಲಿ. ಅಲ್ಲಿ ಪುಸ್ತಕಕ್ಕೆ ಸಿಗುವುದು ಒಂದು ಕೋಣೆ, ಅದರಲ್ಲಿ ಒಂದು ಗೋಡೆ.

ಮನೆಯವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದೆ. ಕೆಲಸ ಮಾಡಿದವರು ಮಗಳು, ಗ್ರಂಥಾಲಯ ವಿಜ್ಞಾನ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳು, ಅರ್ಧ ದಿನದ ಲೆಕ್ಕದಲ್ಲಿ ಬಂದ ಒಬ್ಬ ಬೈಂಡರ್. ಲೇಖಕರನ್ನು ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ಇಲ್ಲೂ ಹಾಗೇ ಇರಲಿ.

ಇಂಥ ಮನೆಗಳು ಊರಲ್ಲಿ ಸಾಕಷ್ಟಿವೆ. ಬಸವನಗುಡಿ, ಚಾಮರಾಜಪೇಟೆ, ಜಯನಗರ, ಮಲ್ಲೇಶ್ವರ ಎಲ್ಲಾ ಕಡೆ. ಬಹಳಷ್ಟು ಸಂಗ್ರಹಗಳು ಹಾಳಾಗುವುದು ಹುಳದಿಂದಲ್ಲ, ಅವಸರದಿಂದ. ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು ಎನ್ನುವುದೇ ಈ ಪ್ರಕರಣದಲ್ಲಿ ಮುಖ್ಯ ಎಂದು ನಮಗೆ ಕಂಡದ್ದು. ಮೊದಲು ಫೋಟೊ, ಆಮೇಲೆ ಪಟ್ಟಿ, ಆಮೇಲೆ ಶುಚಿ, ಕೊನೆಗೆ ಹಂಚಿಕೆ. ಎಲ್ಲೆಲ್ಲಿ ಈ ಕ್ರಮ ತಪ್ಪಿತೋ ಅಲ್ಲೆಲ್ಲಾ ನಷ್ಟವಾಯಿತು.

ಮೊದಲ ವಾರ

ಕೆಲಸ ಶುರುವಾಗುವ ಮೊದಲೇ ಒಂದು ನಷ್ಟ ಆಗಿಹೋಗಿತ್ತು. ಅಟ್ಟದ ಮೇಲಿದ್ದ ಎರಡು ಚೀಲ ‘ಹಳೇ ಕಾಗದ’ವನ್ನು ನೆಂಟರೊಬ್ಬರು ಸಹಾಯ ಮಾಡುವ ಉತ್ಸಾಹದಲ್ಲಿ ರದ್ದಿ ಅಂಗಡಿಗೆ ಹಾಕಿ ಬಂದಿದ್ದರು. ಅದರಲ್ಲಿ ಏನಿತ್ತು ಎಂದು ಮೇಷ್ಟ್ರಿಗೆ ಅಂದಾಜಿದೆ, ಪಟ್ಟಿಯಿಲ್ಲ. ಮಗಳು ಅಂಗಡಿಗೆ ಹೋಗಿ ವಿಚಾರಿಸುವ ಹೊತ್ತಿಗೆ ಲಾರಿ ಹೋಗಿತ್ತು.

ಆದ್ದರಿಂದ ಮೊದಲ ನಿಯಮ: ಪಟ್ಟಿಯಾಗುವವರೆಗೆ ಒಂದು ಹಾಳೆಯೂ ಹೊಸ್ತಿಲು ದಾಟಬಾರದು. ಎರಡನೆಯದು, ಯಾವ ಪುಸ್ತಕವನ್ನೂ ಜಾಗದಿಂದ ತೆಗೆಯುವ ಮುನ್ನ ಅದು ಇದ್ದ ಹಾಗೆ ಫೋಟೊ ಆಗಿರಬೇಕು.

ಕೋಣೆ 10 ಅಡಿಗೆ 14 ಅಡಿ. ಮೂರು ಗೋಡೆಗೆ ಮರದ ಕಪಾಟು, ಒಟ್ಟು 64 ಹಲಗೆ, ಪ್ರತಿಯೊಂದೂ ಮೂರಡಿ ಉದ್ದ. ಪ್ರತಿ ಹಲಗೆಗೂ ಒಂದು ಚೀಟಿ ಅಂಟಿಸಿತು ತಂಡ: ಗೋಡೆ, ಕಪಾಟು, ಹಲಗೆ. ‘ಉ-3-2’ ಎಂದರೆ ಉತ್ತರ ಗೋಡೆ, ಮೂರನೇ ಕಪಾಟು, ಮೇಲಿನಿಂದ ಎರಡನೇ ಹಲಗೆ. ಹಲಗೆಗೆ ಎರಡು ಫೋಟೊ, ಒಂದರ ಅಂಚು ಇನ್ನೊಂದರಲ್ಲೂ ಬರುವ ಹಾಗೆ. ಮೊಬೈಲನ್ನು ಪುಸ್ತಕದ ಬೆನ್ನಿನ ಎತ್ತರಕ್ಕೇ ಹಿಡಿಯಬೇಕು. ಮೇಲಿಂದ ತೆಗೆದರೆ ಬೆನ್ನಿನ ಮೇಲಿನ ಹೆಸರು ಓದಲು ಬರುವುದಿಲ್ಲ. ಫ್ಲ್ಯಾಶ್ ಬೇಡ. ಹಿಂದಿನ ಸಾಲಿನಲ್ಲಿ ಇನ್ನೊಂದು ಸಾಲು ಪುಸ್ತಕ ಇದ್ದರೆ (ಇದ್ದೇ ಇರುತ್ತದೆ) ಮುಂದಿನದನ್ನು ತೆಗೆದು ಮತ್ತೆರಡು ಫೋಟೊ, ಚೀಟಿಗೆ ‘ಹಿಂ’ ಎಂದು ಸೇರಿಸಿ.

ಇಷ್ಟು ಗೋಳು ಯಾಕೆ ಎಂದರೆ, ಲೇಖಕನ ಕಪಾಟಿನಲ್ಲಿ ನೆರೆಹೊರೆಗೇ ಅರ್ಥವಿರುತ್ತದೆ. ಉ-3-2ರಲ್ಲಿ ಒಂದು ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ), ಕೆರೆ ನೀರಾವರಿಯ ಮೇಲಿನ ಸರ್ಕಾರಿ ವರದಿ, ಪಂಚಾಂಗ, ಒಂದು ಇಂಗ್ಲಿಷ್ ಕಾದಂಬರಿ ಒತ್ತೊತ್ತಾಗಿ ನಿಂತಿದ್ದವು. ಯಾವ ವರ್ಗೀಕರಣದಲ್ಲೂ ಈ ನಾಲ್ಕು ಒಂದೆಡೆ ಬರುವುದಿಲ್ಲ. ಮೇಷ್ಟ್ರನ್ನು ಕೇಳಿದಾಗ ಗೊತ್ತಾಯಿತು, ಒಂದು ನೀಳ್ಗತೆ ಬರೆಯುವಾಗ ಕೈಗೆ ಸಿಗಲಿ ಎಂದು ಇಟ್ಟವು ಹಾಗೇ ಉಳಿದುಬಿಟ್ಟಿವೆ. ಇವನ್ನು ಇತಿಹಾಸ, ಕೃಷಿ, ಜ್ಯೋತಿಷ, ಸಾಹಿತ್ಯ ಎಂದು ನಾಲ್ಕು ಕಡೆ ಎತ್ತಿಟ್ಟ ಕ್ಷಣಕ್ಕೆ ಆ ಮಾಹಿತಿ ಇಲ್ಲವಾಗುತ್ತದೆ. ಫೋಟೊ ಇದ್ದರೆ ಪುಸ್ತಕ ಯಾವ ಊರಿಗೆ ಹೋದರೂ ಚಿಂತೆಯಿಲ್ಲ.

ಹುಳ ಯಾವುದು ಎಂದು ತಿಳಿಯದೆ ಔಷಧಿ ಬೇಡ

ಮನೆಯವರು ಅದಾಗಲೇ ಕೀಟನಿಯಂತ್ರಣದವರನ್ನು ಕರೆಸಿ ಅಂದಾಜು ಕೇಳಿದ್ದರು. ನೆಲ ಮತ್ತು ಗೋಡೆ ಸೇರುವ ಕಡೆ ಅಡಿಗೊಂದರಂತೆ 12 ಮಿ.ಮೀ. ರಂಧ್ರ ಕೊರೆದು ಔಷಧಿ ತುಂಬುವ ಮಾಮೂಲಿ ಕ್ರಮ. ಉಳಿಯುವ ಮನೆಗೆ ಅದು ಸರಿ. ಮೂರು ತಿಂಗಳಲ್ಲಿ ಬುಲ್ಡೋಜರ್ ಬರುವ ಮನೆಗೆ ಅಷ್ಟು ದುಡ್ಡು ಸುರಿಯುವುದು ವ್ಯರ್ಥ.

ಗೆದ್ದಲಿಗೆ ಹೆದರುವಷ್ಟು ಹೆದರಬೇಕಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಪುಸ್ತಕ ತಿನ್ನುವ ಗೆದ್ದಲಿನ ಗೂಡು ಹೆಚ್ಚಾಗಿ ಇರುವುದು ಮಣ್ಣಿನಲ್ಲಿ. ಬಾಗಿಲ ಚೌಕಟ್ಟಿನ ಸಂದಿಯಿಂದ, ಗೋಡೆಯ ಬಿರುಕಿನಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬಂದು ಮೇದು ಹೋಗುತ್ತವೆ. ಗೂಡಿನ ಸಂಪರ್ಕ ತಪ್ಪಿದ ಕೆಲಸಗಾರ ಹುಳಗಳು ಹೆಚ್ಚು ದಿನ ಬದುಕುವುದಿಲ್ಲ. ಹಾಗಾಗಿ ಪುಸ್ತಕ ತೆಗೆದು, ಕೊಡವಿ, ಒಣಗಿಸಿದರೆ ಅದರ ಜೊತೆ ಗೆದ್ದಲು ಹೊಸ ಮನೆಗೆ ಬರುವುದಿಲ್ಲ. ಇಲ್ಲಿ ಮಾಡಿದ್ದು ಇಷ್ಟೇ: ಬಾಗಿಲ ಚೌಕಟ್ಟಿಗೆ ಮಾತ್ರ ಔಷಧಿ, ಕಪಾಟಿನ ಹಿಂದಿನ ಕೊಳವೆಗಳನ್ನು ಕೆರೆದು ತೆಗೆದದ್ದು, ಪುಸ್ತಕಗಳನ್ನೆಲ್ಲ ಮೊಸಾಯಿಕ್ ನೆಲದ ನಡುಮನೆಗೆ ಸಾಗಿಸಿ ಇಟ್ಟಿಗೆಯ ಮೇಲೆ ಹಲಗೆ ಹಾಸಿ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಜೋಡಿಸಿದ್ದು.

ಗೆದ್ದಲು ತಿಂದ ಪುಸ್ತಕ ಹೊರಗಿಂದ ನೋಡಿದರೆ ತಿಳಿಯದು. ಬೆನ್ನು ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಮಣ್ಣು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರ ಇಲ್ಲವೆನಿಸಿದರೆ ಬದಿಗಿಡಬೇಕು. ಕೆಳಗಿನ ಎರಡು ಸಾಲು ಹಲಗೆಗಳಲ್ಲಿ ಹೀಗೆ ಹೋದವು 145.

ನಿಜವಾಗಿ ಭಯಪಡಬೇಕಾದದ್ದು ಪುಸ್ತಕದ ಹುಳುವಿಗೆ, ಅಂದರೆ ಬೆನ್ನಿನಲ್ಲಿ ಒಂದೆರಡು ಮಿ.ಮೀ.ನ ಉರುಟು ತೂತು ಕೊರೆದು ಹಿಟ್ಟಿನಂಥ ಪುಡಿ ಉದುರಿಸುವ ದುಂಬಿಯ ಮರಿಗೆ. ಇದು ಪುಸ್ತಕದೊಳಗೇ ಸಂಸಾರ ಮಾಡುತ್ತದೆ. ಪೆಟ್ಟಿಗೆಯಲ್ಲಿ ಕೂತು ಫ್ಲ್ಯಾಟಿಗೂ ಬರುತ್ತದೆ, ದಾನ ಕೊಟ್ಟ ಗ್ರಂಥಾಲಯಕ್ಕೂ ಹೋಗುತ್ತದೆ. ಬಿಳಿ ಕಾಗದದ ಮೇಲೆ ಪುಸ್ತಕ ನಿಲ್ಲಿಸಿ ಒಂದು ವಾರ ಬಿಟ್ಟು ನೋಡಬೇಕು. ಹೊಸ ಪುಡಿ ಬಿದ್ದಿದ್ದರೆ ಹುಳ ಜೀವಂತ, ಇಲ್ಲದಿದ್ದರೆ ಅದು ಹಳೆಯ ಗಾಯ. ಹೀಗೆ ಜೀವಂತ ಹುಳ ಸಿಕ್ಕ ಪುಸ್ತಕ, ಅದರ ಅಕ್ಕಪಕ್ಕದವು ಸೇರಿ 260.

ಇವಕ್ಕೆ ಮದ್ದು ಚಳಿ. ಐಸ್‌ಕ್ರೀಂ ಅಂಗಡಿಯವರು ಇಡುವಂಥ 300 ಲೀಟರಿನ ಡೀಪ್ ಫ್ರೀಜರನ್ನು ಬಾಡಿಗೆಗೆ ತಂದು, ಒಳಗೊಂದು ಥರ್ಮಾಮೀಟರ್ ಇಟ್ಟು ಮೈನಸ್ 18 ಡಿಗ್ರಿ ಮುಟ್ಟುತ್ತದೆಯೇ ಎಂದು ನೋಡಿಕೊಂಡದ್ದಾಯಿತು. ನಾಲ್ಕೈದು ಪುಸ್ತಕವನ್ನು ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಟೇಪು ಹಾಕಿ ಮುಚ್ಚಬೇಕು. ಕಟ್ಟು ನಾಲ್ಕಿಂಚಿಗಿಂತ ದಪ್ಪ ಬೇಡ, ನಡುವಿನವರೆಗೆ ಚಳಿ ಇಳಿಯಬೇಕಲ್ಲ. ಎರಡು ವಾರ ಒಳಗೆ. ತೆಗೆದ ಮೇಲೆ ಪೂರಾ ಒಂದು ದಿನ ಚೀಲ ಬಿಚ್ಚಕೂಡದು. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಪುಸ್ತಕದ ಮೇಲೆ ಇಬ್ಬನಿಯಂತೆ ಕೂರುತ್ತದೆ. ಎರಡು ಕಂತಿನಲ್ಲಿ 260ನ್ನೂ ಮುಗಿಸಿದರು. ಕರೆಂಟು ಹೋದಾಗ ಫ್ರೀಜರಿನ ಬಾಗಿಲು ತೆಗೆಯದಿದ್ದರೆ ಸಾಕು. ಆದರೆ ಉಷ್ಣತೆ ಮೇಲೇರಿದ್ದರೆ ಅಷ್ಟು ದಿನ ಹೆಚ್ಚು ಇಡಬೇಕು.

ಬೂಷ್ಟಿನದು ಬೇರೆ ದಾರಿ. ಚಳಿಗೆ ಅದು ಸಾಯುವುದಿಲ್ಲ, ಮಲಗುತ್ತದೆ. ಪೂರ್ವದ ಗೋಡೆಯ ಆಚೆ ಬದಿ ಬಚ್ಚಲುಮನೆ. ಕಪಾಟಿನ ಹಿಂದೆ ತೇವಾಂಶ ಮಾಪಕ ಇಟ್ಟಾಗ ಜನವರಿಯಲ್ಲೂ 74 ಶೇಕಡ, ಕೋಣೆಯ ನಡುವೆ 55. ಬೂಷ್ಟು ಬೆಳೆಯಲು 65 ದಾಟಿದರೆ ಸಾಕು. ಬಯಲಿನ ನೆರಳಿನಲ್ಲಿ, ಎನ್-95 ಮಾಸ್ಕ್ ಹಾಕಿಕೊಂಡು, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿದರು. ಹಸಿಯಿದ್ದಾಗ ಉಜ್ಜಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಮೊದಲ ದಿನ ಒಬ್ಬರು ಇಪ್ಪತ್ತು ಪುಸ್ತಕವನ್ನು ಮಹಡಿಯ ಬಿಸಿಲಿಗೆ ಹಪ್ಪಳದಂತೆ ಹರವಿಬಿಟ್ಟರು. ಸಂಜೆಗೆ ರಟ್ಟುಗಳೆಲ್ಲ ದೋಣಿಯಾಗಿದ್ದವು, ಎರಡರ ಬೆನ್ನಿನ ಅಂಟು ಬಿಟ್ಟುಕೊಂಡಿತ್ತು. ಬೆಂಗಳೂರಿನ ಫೆಬ್ರವರಿ-ಮಾರ್ಚ್‌ನ ಒಣಗಾಳಿಯೇ ಸಾಕು, ಬಿಸಿಲು ಬೇಡ. ಇದೇ ಕೆಲಸ ಜುಲೈನಲ್ಲಿ ಬಂದಿದ್ದರೆ ಒಣಗಿಸುವುದಕ್ಕೇ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಬಾಡಿಗೆಗೆ ತರಬೇಕಾಗುತ್ತಿತ್ತು.

ನುಸಿಗುಳಿಗೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಗೆದ್ದಲಿಗೂ ಬೂಷ್ಟಿಗೂ ಅದರಿಂದ ಏನೂ ಆಗುವುದಿಲ್ಲ, ಓದುವವರ ಶ್ವಾಸಕ್ಕೆ ಮಾತ್ರ ಕೇಡು. ಬೇವಿನ ಸೊಪ್ಪನ್ನು ಹಸಿಯಾಗಿ ಪುಟಗಳ ನಡುವೆ ಇಟ್ಟರೆ ತೇವ, ಕಲೆ ಎರಡೂ. ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಹಲಗೆಯ ಮೂಲೆಯಲ್ಲಿಟ್ಟರೆ ತೊಂದರೆಯಿಲ್ಲ. ಓಲೆಗರಿ ಕಾಲದಿಂದ ಬಂದ ಬಜೆ ಬೇರಿಗೂ ಇದೇ ಮಾತು. ಆದರೆ ಹುಳ ಬಿದ್ದ ಮೇಲೆ ಇವು ಔಷಧಿಯಲ್ಲ.

ಪಟ್ಟಿ

ಮೊಬೈಲಿನಿಂದ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಪಟ್ಟಿ ತಾನೇ ಆಗುತ್ತದೆ ಎನ್ನುವ ಸಲಹೆ ಬಂತು. ಕನ್ನಡ ಸಂಗ್ರಹಕ್ಕೆ ಅದು ನಡೆಯದು. ಹಳೆಯ ಕನ್ನಡ ಪುಸ್ತಕಗಳಿಗೆ ಪುಸ್ತಕದ ಅಂತರರಾಷ್ಟ್ರೀಯ ಗುರುತುಸಂಖ್ಯೆಯಾದ ಐಎಸ್‌ಬಿಎನ್ ಇಲ್ಲ, ಹೊಸದರಲ್ಲಿ ಎಷ್ಟೋ ಪುಸ್ತಕಗಳಿಗೆ ಸಂಖ್ಯೆ ಇದ್ದರೂ ಬಾರ್‌ಕೋಡ್ ಇಲ್ಲ, ಎರಡೂ ಇದ್ದರೂ ಆ್ಯಪ್ ಕೊಡುವ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಮನಬಂದಂತೆ. ಕೈಯಲ್ಲೇ ನಮೂದಿಸಬೇಕು. ಒಬ್ಬರು ಪುಸ್ತಕ ತೆರೆದು ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯ ಪ್ರಕಟಣೆ ವಿವರದ ಪುಟದ ಫೋಟೊ ತೆಗೆದು ಓದಿ ಹೇಳುವುದು, ಇನ್ನೊಬ್ಬರು ಸ್ಪ್ರೆಡ್‌ಶೀಟಿನಲ್ಲಿ ಟೈಪ್ ಮಾಡುವುದು. ಗಂಟೆಗೆ 40ರಿಂದ 50. ಅದಕ್ಕಿಂತ ವೇಗ ಬಂದರೆ ತಪ್ಪು ಬಂದಿದೆ ಎಂದೇ ಲೆಕ್ಕ.

ಕಾಲಂಗಳು: ಕ್ರಮಸಂಖ್ಯೆ, ಇದ್ದ ಜಾಗ, ಶೀರ್ಷಿಕೆ, ಪುಸ್ತಕದ ಮೇಲಿರುವಂತೆ ಲೇಖಕರ ಹೆಸರು, ಏಕರೂಪ ಹೆಸರು, ಪ್ರಕಾಶಕರು, ಊರು, ಇಸವಿ, ಮುದ್ರಣ, ಪುಟ, ಬೆಲೆ, ಗುರುತು, ಸ್ಥಿತಿ, ಮುಂದಿನ ಜಾಗ. ಲೇಖಕರ ಹೆಸರಿಗೆ ಎರಡು ಕಾಲಂ ಇಲ್ಲದಿದ್ದರೆ ಕನ್ನಡದಲ್ಲಿ ಪಟ್ಟಿ ಕೆಟ್ಟಿತೆಂದೇ ಅರ್ಥ. ಒಂದರ ಮೇಲೆ ‘ಶ್ರೀನಿವಾಸ’, ಇನ್ನೊಂದರ ಮೇಲೆ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಒಂದರ ಮೇಲೆ ‘ಅಂಬಿಕಾತನಯದತ್ತ’, ಇನ್ನೊಂದರ ಮೇಲೆ ದ.ರಾ. ಬೇಂದ್ರೆ. ಇನಿಷಿಯಲ್ಲುಗಳ ನಡುವೆ ಒಬ್ಬರು ಜಾಗ ಬಿಟ್ಟು ಇನ್ನೊಬ್ಬರು ಬಿಡದೆ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಲೇಖಕರು. ಮೊದಲ ದಿನವೇ ‘ಚುಕ್ಕೆ ಇರಲಿ, ಜಾಗ ಬೇಡ’ ಎಂದು ಗೋಡೆಗೆ ಬರೆದು ಅಂಟಿಸಿದ್ದು ಒಳ್ಳೆಯದಾಯಿತು.

ಮೇಷ್ಟ್ರ ಹತ್ತಿರ ಹಳೆಯ ಪಟ್ಟಿಯೊಂದಿತ್ತು, ಹಿಂದೆ ಶಿಷ್ಯರೊಬ್ಬರು ಟೈಪ್ ಮಾಡಿಕೊಟ್ಟದ್ದು, ಸುಮಾರು 1,900 ಪುಸ್ತಕ. ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿದ್ದ ಕಾರಣ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತದೆ, ಒತ್ತಕ್ಷರ ಮತ್ತು ಅರ್ಕಾವೊತ್ತು ಇದ್ದ ಕಡೆ ಕಣ್ಣಲ್ಲಿ ನೋಡಿ ತಿದ್ದಬೇಕು. ಅಕಾರಾದಿ ಜೋಡಿಸುವಾಗ ಇನ್ನೊಂದು ಎಡವಟ್ಟು: ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ‘ಳ’ ಬರುವುದು ‘ವ’ಕ್ಕಿಂತ ಮೊದಲು, ನಮ್ಮ ನಿಘಂಟುಗಳಲ್ಲಿ ‘ಹ’ ಆದ ಮೇಲೆ. ಯಾವ ತಂತ್ರಾಂಶ ಯಾವ ಕ್ರಮ ಹಿಡಿಯುತ್ತದೆ ಎಂದು ಹತ್ತು ಸಾಲಿನಲ್ಲಿ ಪರೀಕ್ಷಿಸಿ ಮುಂದುವರಿಯುವುದು ಒಳಿತು.

ಗ್ರಂಥಾಲಯಗಳಲ್ಲಿ ಪುಸ್ತಕವನ್ನು ವಿಷಯವಾರು ಜೋಡಿಸಲು ಬಳಸುವ ವರ್ಗಸಂಖ್ಯೆ ಹಾಕಬೇಕೆ ಎಂದು ವಿದ್ಯಾರ್ಥಿಗಳು ಕೇಳಿದರು. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಇಲ್ಲಿನ ಮುಕ್ಕಾಲು ಪಾಲು ಪುಸ್ತಕಕ್ಕೆ ಅದೇ ಸಂಖ್ಯೆ ಬೀಳುವುದರಿಂದ ಉಪಯೋಗವಿಲ್ಲ. ಪಡೆಯುವ ಗ್ರಂಥಾಲಯ ಹೇಗೂ ತನ್ನದೇ ಸಂಖ್ಯೆ ಕೊಡುತ್ತದೆ. ಪುಸ್ತಕ ವರ್ಗೀಕರಣಕ್ಕೆ ಕೋಲನ್ ಪದ್ಧತಿ ರೂಪಿಸಿದ ಎಸ್.ಆರ್. ರಂಗನಾಥನ್ ಅವರು ಕೊನೆಗಾಲ ಕಳೆದ ಊರಿನಲ್ಲಿ ಹೀಗೆ ಹೇಳುವುದು ಸ್ವಲ್ಪ ಧೈರ್ಯದ ಮಾತೇ.

ಇಸವಿ ಇಲ್ಲದ ಪುಸ್ತಕ

ಪಟ್ಟಿಯ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ ಹೆಚ್ಚು ರುಚಿಸಿದ್ದೂ ಇದು. 300ಕ್ಕೂ ಹೆಚ್ಚು ಪುಸ್ತಕಗಳಲ್ಲಿ ಪ್ರಕಟವಾದ ವರ್ಷವೇ ಇಲ್ಲ, ಇಲ್ಲವೇ ಸಂವತ್ಸರದ ಹೆಸರು ಮಾತ್ರ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ: ‘ಪ್ರಭವ’ ಎಂದರೆ 1927-28 ಇರಬಹುದು, 1987-88 ಕೂಡ. ಬೆಲೆ ನೋಡಿದರೆ ಗೊಂದಲ ತೀರುತ್ತದೆ. ಆಣೆಯಲ್ಲಿ ಬೆಲೆ ಇದ್ದರೆ ಪುಸ್ತಕ 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವುದಕ್ಕಿಂತ ಹಿಂದಿನದು, ಬಹಳವೆಂದರೆ ಅದರ ಆಸುಪಾಸಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ.

ವಿಳಾಸವೂ ಸಾಕ್ಷಿ ಹೇಳುತ್ತದೆ. ‘ಬೆಂಗಳೂರು-4’ ಎಂದಷ್ಟೇ ಇದ್ದರೆ ಪಿನ್‌ಕೋಡ್ ಬಂದ 1972ರ ಆಗಸ್ಟ್‌ಗಿಂತ ಹಿಂದಿನದಿರುವ ಸಾಧ್ಯತೆ ಹೆಚ್ಚು. ಆದರೆ ಹಳೇ ಅಭ್ಯಾಸದಿಂದ ಆಮೇಲೂ ಹಾಗೇ ಅಚ್ಚು ಹಾಕಿದವರಿದ್ದಾರೆ, ಒಂದೇ ಸಾಕ್ಷಿ ನಂಬಬಾರದು. ‘560 004’ ಇದ್ದರೆ ಮಾತ್ರ ಅನುಮಾನವಿಲ್ಲ, 1972ರ ಈಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು. ಪುಟದ ಹಿಂಬದಿಗೆ ಬೆರಳು ಸವರಿದಾಗ ಅಕ್ಷರದ ಉಬ್ಬು ಸಿಕ್ಕರೆ ಅದು ಮೊಳೆ ಜೋಡಿಸಿ ಅಚ್ಚು ಹಾಕಿದ್ದು, ನುಣ್ಣಗಿದ್ದರೆ ಆಫ್‌ಸೆಟ್. ಹೀಗೆ ಎರಡು ಮೂರು ಸಾಕ್ಷಿ ಕೂಡಿದರೆ ‘ಸು. 1960’ (ಸುಮಾರು 1960) ಎಂದು ಬರೆಯಬಹುದು. ‘ಸು.’ ಬಿಟ್ಟು ಬರೆಯುವುದು ಅಪರಾಧ.

ಇನ್ನು ಮೇಷ್ಟ್ರದೇ ಗುರುತುಗಳು. ಅವರು ಪುಸ್ತಕ ಕೊಂಡ ದಿನ ಮೊದಲ ಪುಟದ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಕು, ಅಂಗಡಿಯ ಬೀದಿ, ಕೊಟ್ಟ ಬೆಲೆ ಬರೆಯುತ್ತಿದ್ದರು. ಅವೆನ್ಯೂ ರಸ್ತೆಯ ಫುಟ್‌ಪಾತ್, ಬಳೇಪೇಟೆ, ಗಾಂಧಿಬಜಾರು, ಚರ್ಚ್ ಸ್ಟ್ರೀಟು. ಕೊನೆಯ ಖಾಲಿ ಹಾಳೆಯಲ್ಲಿ ತಮ್ಮದೇ ಒಂದು ಸೂಚಿ: ಪುಟಸಂಖ್ಯೆ, ಎದುರಿಗೆ ಒಂದೆರಡು ಪದ. ಒಂದು ಪುಸ್ತಕವನ್ನು ತೆರೆದು ನೋಡೋಣ. 1960ರ ದಶಕದ ಒಂದು ವಿಮರ್ಶಾ ಸಂಕಲನ, ಕ್ರೌನ್ ಅಷ್ಟಮ ಎಂಬ ಸಣ್ಣ ಆಕಾರ, ರಟ್ಟಿನ ಬೈಂಡು. ಮೊದಲ ಪುಟದಲ್ಲಿ ‘ಅವೆನ್ಯೂ ರಸ್ತೆ, ರೂ. 3’. ಕೊನೆಯಲ್ಲಿ ಹದಿನಾಲ್ಕು ಸಾಲಿನ ಸೂಚಿ, ಮೊದಲ ಒಂಬತ್ತು ಪೆನ್ಸಿಲ್, ಉಳಿದ ಐದು ನೀಲಿ ಬಾಲ್‌ಪೆನ್ನು. 112ನೇ ಪುಟದಲ್ಲಿ ಗುರುತಿಗಿಟ್ಟ ಬಿ.ಟಿ.ಎಸ್. (ಬೆಂಗಳೂರು ನಗರ ಸಾರಿಗೆಯ ಆಗಿನ ಹೆಸರು) ಬಸ್ಸಿನ ಟಿಕೆಟು. ನಗರ ಸಾರಿಗೆ ಬಿ.ಎಂ.ಟಿ.ಸಿ. ಆದದ್ದು 1997ರಲ್ಲಿ, ಅಲ್ಲಿಗೆ ಒಂದು ಓದಾದರೂ ಅದಕ್ಕಿಂತ ಹಿಂದಿನದು. ಎರಡು ಬಣ್ಣದ ಸೂಚಿ ನೋಡಿದರೆ ಎರಡು ಸಲ ಓದಿದ್ದಾರೆ. ಎರಡನೇ ಸಲ ಗುರುತು ಹಾಕಿದ ಐದೂ ಕಡೆ ಮೊದಲ ಸಲದ ಅಭಿಪ್ರಾಯಕ್ಕೆ ತಕರಾರು ತೆಗೆದಿದ್ದಾರೆ. ಇದು ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ.

ಈ ‘ಗುರುತು’ ಕಾಲಂಗೆ ಐದು ಸಂಕೇತ ಸಾಕಾದವು: ಖ (ಖರೀದಿ ವಿವರ), ಅ (ಅಂಚಿನ ಟಿಪ್ಪಣಿ), ಸೂ (ಸೂಚಿ), ಹ (ಲೇಖಕರ ಹಸ್ತಾಕ್ಷರ), ಒ (ಒಳಗೆ ಸಿಕ್ಕ ಕಾಗದ). ಒಳಗೆ ಸಿಕ್ಕ ಇನ್‌ಲ್ಯಾಂಡ್ ಪತ್ರ, ಪೋಸ್ಟ್‌ಕಾರ್ಡ್, ಪತ್ರಿಕೆಯ ತುಣುಕುಗಳನ್ನು ಅಲ್ಲೇ ಬಿಡಬಾರದು. ಪತ್ರಿಕೆಯ ಕಾಗದದ ಆಮ್ಲ ಎದುರಿನ ಎರಡು ಪುಟಕ್ಕೂ ಕಂದು ನೆರಳು ಹಾಕುತ್ತದೆ. ತೆಗೆದು ಲಕೋಟೆಯಲ್ಲಿಟ್ಟು ಪುಸ್ತಕದ ಸಂಖ್ಯೆ, ಪುಟ ಬರೆದರೆ ಆಯಿತು. ಪತ್ರಗಳ ವಿಷಯದಲ್ಲಿ ಒಂದು ಎಚ್ಚರ: ಕಾಗದ ಪಡೆದವರದು, ಅದರಲ್ಲಿರುವ ಬರಹದ ಕೃತಿಸ್ವಾಮ್ಯ ಬರೆದವರದು. ಸಂಗ್ರಹಕ್ಕೆ ಕೊಡಬಹುದು; ಅಚ್ಚು ಹಾಕಿಸಬೇಕಾದರೆ ಬರೆದವರ ಅಥವಾ ಅವರ ವಾರಸುದಾರರ ಒಪ್ಪಿಗೆ ಬೇಕು.

ಎರಡನೇ ದೊಡ್ಡ ನಷ್ಟ ಆದದ್ದು ಇದೇ ಗುರುತುಗಳಿಗೆ. ಪಟ್ಟಿ ಅರ್ಧವಾಗಿದ್ದಾಗ, ಬಿಚ್ಚಿಹೋದ 11 ಪುಸ್ತಕವನ್ನು ಹೊರಗಿನ ಬೈಂಡಿಂಗ್ ಅಂಗಡಿಗೆ ಕೊಟ್ಟರು. ಅಂಗಡಿಯವರು ತಮ್ಮ ವಾಡಿಕೆಯಂತೆ ಹೊಲಿದು, ರಟ್ಟು ಹಾಕಿ, ಅಂಚು ಸಮ ಬರಲೆಂದು ಮೂರು ಕಡೆ ಕತ್ತರಿಸಿದರು. ಬೈಂಡಿಂಗ್ ಅಚ್ಚುಕಟ್ಟಾಗಿತ್ತು. ಅಂಚಿನ ಟಿಪ್ಪಣಿಗಳ ಅರ್ಧ ಸಾಲು ಕಸದ ಬುಟ್ಟಿಗೆ ಹೋಗಿತ್ತು. ತಪ್ಪು ಅವರದಲ್ಲ, ಯಾರೂ ಹೇಳಿರಲಿಲ್ಲ. ಆ ನಂತರ ಬೈಂಡರೇ ಮನೆಗೆ ಬಂದು ಕೂತರು. ಕತ್ತರಿ ಇಲ್ಲ, ಫೆವಿಕಾಲ್ ಇಲ್ಲ (ಮುಂದೆ ಬಿಚ್ಚಲು ಬರುವುದಿಲ್ಲ), ಸೆಲೊಟೇಪ್ ಅಂತೂ ಇಲ್ಲವೇ ಇಲ್ಲ. ಮೈದಾ ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುವುದು ನಮ್ಮ ಬೈಂಡರ್‌ಗಳ ಹಳೆಯ ಪದ್ಧತಿ, ಹುಳ ಬಾರದಿರಲೆಂದು. ಆದರೆ ಅದರ ತಾಮ್ರ ಕಾಗದ ಬೇಗ ಕಂದಿ ಮುರಿಯುವಂತೆ ಮಾಡುತ್ತದೆ. ಬರೀ ಮೈದಾ ಅಂಟು, ಅಂದಂದು ಕಾಯಿಸಿದ್ದು. ಮೂಲೆ ಮಡಿಚಿದರೆ ಮುರಿಯುವಷ್ಟು ಒಣಗಿದ ಪುಸ್ತಕಗಳಿಗೆ ಯಾವ ರಿಪೇರಿಯೂ ಇಲ್ಲ. ಆಮ್ಲವಿಲ್ಲದ ರಟ್ಟಿನ ಹೊದಿಕೆ ಮಡಿಚಿ, ಹತ್ತಿಯ ಲಾಡಿಯಿಂದ ಕಟ್ಟಿಟ್ಟದ್ದು ಅಷ್ಟೇ.

‘ಇರಲಿ’

ಫ್ಲ್ಯಾಟಿಗೆ ಎಷ್ಟು ಪುಸ್ತಕ ಎನ್ನುವುದಕ್ಕೆ ಮೊದಲ ಉತ್ತರ ‘ಎಲ್ಲಾ’ ಎಂದಿತ್ತು. ಲೆಕ್ಕ ಹಾಕಿ ತೋರಿಸಬೇಕಾಯಿತು. ಡೆಮಿ ಅಷ್ಟಮದ (ಸುಮಾರು ಐದೂವರೆಗೆ ಎಂಟೂವರೆ ಇಂಚಿನ) 200 ಪುಟದ ಪುಸ್ತಕ ಎಂದರೆ 100 ಹಾಳೆ. ಚದರ ಮೀಟರಿಗೆ 70 ಗ್ರಾಂ ತೂಗುವ, ಅಂದರೆ 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ ಸುಮಾರು 210 ಗ್ರಾಂ, ಮೇಲೆ ಹೊದಿಕೆ. ದಪ್ಪ ಪುಸ್ತಕಗಳನ್ನೂ ಸೇರಿಸಿ ಸರಾಸರಿ 300 ಗ್ರಾಂ ಹಿಡಿದರೆ ಮೂರಡಿ ಹಲಗೆಯಲ್ಲಿ 65-70 ಪುಸ್ತಕ, 20 ಕೆ.ಜಿ. ಏಳು ಹಲಗೆಯ ಕಬ್ಬಿಣದ ರ‍್ಯಾಕ್ ತನ್ನ ತೂಕವೂ ಸೇರಿ 170 ಕೆ.ಜಿ., ನಿಲ್ಲುವ ಜಾಗ ಮೂರು ಚದರಡಿ. ಚದರ ಮೀಟರಿಗೆ 600 ಕೆ.ಜಿ. ದಾಟುತ್ತದೆ. ವಾಸದ ಕೋಣೆಯ ನೆಲವನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕೆ.ಜಿ.ಗೆ. ಭಾರ ಕೋಣೆಗೆಲ್ಲ ಹಂಚುವುದರಿಂದ ಒಂದು ಗೋಡೆಗೆ ಎರಡು ರ‍್ಯಾಕ್ ಇಟ್ಟರೆ ಏನೂ ಆಗದು. ಎಲ್ಲಾ ಪುಸ್ತಕಕ್ಕೆ ಬೇಕಾದ ಒಂಬತ್ತು ರ‍್ಯಾಕ್ ಎದುರುಬದುರು ನಿಲ್ಲಿಸಿದರೆ ಅದು ಗ್ರಂಥಾಲಯದ ದಾಸ್ತಾನು ಕೋಣೆ, ಮನೆಯಲ್ಲ. ಎಂಜಿನಿಯರ್ ತೊಲೆಯ ಮೇಲಿನ ಗೋಡೆಯೊಂದನ್ನು ತೋರಿಸಿ ಒಂಬತ್ತು ಹಲಗೆ ಎಂದರು.

ಆಯ್ಕೆಯ ಮೊದಲ ಪ್ರಯತ್ನ ಹೀಗಿತ್ತು. ಮಗಳು ಒಂದೊಂದೇ ಪುಸ್ತಕ ಎತ್ತಿ ಹಿಡಿಯುವುದು.

“ಅಪ್ಪಾ, ಇದು ಬೇಕಾ?”

“ಇರಲಿ.”

“ಇದು? ಎರಡು ಕಾಪಿ ಇದೆ.”

“ಇರಲಿ. ಒಂದು ಮೊದಲ ಮುದ್ರಣ ಕಣೇ.”

“ಇದು ಎರಡನೇದು.”

“ಹೌದಾ? ಕೊಡಿಲ್ಲಿ, ನೋಡೋಣ.” ಅಲ್ಲಿಗೆ ಓದು ಶುರು; ಆ ದಿನದ ಕೆಲಸ ಮುಗಿಯಿತು.

ಮುಂದಿನ ಒಂದು ವರ್ಷದಲ್ಲಿ ತೆಗೆಯುತ್ತೀರಾ ಎಂದು ಕೇಳಿದರೂ ಉತ್ತರ ಬದಲಾಗಲಿಲ್ಲ. ಓದನ್ನೇ ಬದುಕು ಮಾಡಿಕೊಂಡವರ ಹತ್ತಿರ ಇಂಥ ಪ್ರಶ್ನೆ ನಡೆಯುವುದಿಲ್ಲ, ಬಿಡುವುದು ಯಾವುದು ಎಂದು ಕೇಳುವುದೇ ತಪ್ಪು. ವಿದ್ಯಾರ್ಥಿನಿಯೊಬ್ಬಳು ದಾರಿ ಹುಡುಕಿದಳು: “ಮೇಷ್ಟ್ರೇ, ಒಂಬತ್ತು ಹಲಗೆ ಖಾಲಿ ಇಟ್ಟಿದೀವಿ. ನೀವೇ ತುಂಬ್ಸಿ.” ನಡುಮನೆಯಲ್ಲಿ ಖಾಲಿ ರ‍್ಯಾಕ್ ನಿಲ್ಲಿಸಿ ಬಿಟ್ಟರು. ಮೇಷ್ಟ್ರು ದಿನಕ್ಕೆ ಒಂದು ಹಲಗೆ ತುಂಬಿಸಿದರು. ಕೊನೆಯ ಎರಡು ದಿನ ಹಾಕಿದ್ದನ್ನು ತೆಗೆದು ಬೇರೆಯದನ್ನು ಇಡುವುದರಲ್ಲಿ ಹೋಯಿತು. 612 ಪುಸ್ತಕ. ಬೆಲೆಬಾಳುವ ಮೊದಲ ಮುದ್ರಣಗಳಲ್ಲಿ ಎಷ್ಟೋ ಅದರಲ್ಲಿ ಇರಲಿಲ್ಲ. ಹರಿದ ಪಾಕೆಟ್ ನಿಘಂಟು, ಹಳೇ ವ್ಯಾಕರಣ, ಕುಮಾರವ್ಯಾಸ ಭಾರತದ ಸವೆದ ಪ್ರತಿ ಇದ್ದವು. ಸಣ್ಣ ಅಕ್ಷರದ ಕೆಲವನ್ನು ಅವರ ಸ್ವಂತ ಓದಿಗೆಂದು ಇಂಚಿಗೆ 300 ಚುಕ್ಕೆಯ (300 ಡಿಪಿಐ) ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ಟ್ಯಾಬ್ಲೆಟ್ಟಿಗೆ ಹಾಕಿಕೊಟ್ಟದ್ದೂ ಆಯಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಅವರಿಗೆ ಅಕ್ಷರ ದೊಡ್ಡದಾದರಷ್ಟೇ ಸಾಲಲಿಲ್ಲ, ಹಿನ್ನೆಲೆಯ ಹಳದಿಯನ್ನೂ ಬಿಳುಪಿಗೆ ತರಬೇಕಾಯಿತು.

ಎಲ್ಲಿಗೆ ಯಾವುದು

ಒಟ್ಟು 4,186. ಮೇಷ್ಟ್ರ ಜೊತೆ 612. ಗುರುತು ಇರುವ 1,034 ಒಂದು ಸಂಶೋಧನಾ ಸಂಸ್ಥೆಗೆ. ಸ್ಥಿತಿ ಚೆನ್ನಾಗಿದ್ದ 1,370 ಒಂದು ಕಾಲೇಜಿನ ಕನ್ನಡ ವಿಭಾಗಕ್ಕೆ, ಜನಪ್ರಿಯ ಕಾದಂಬರಿ ಮತ್ತು ಮಕ್ಕಳ ಪುಸ್ತಕ ಸೇರಿ 498 ಬಡಾವಣೆಯ ವಾಚನಾಲಯಕ್ಕೆ. ಎರಡನೇ ಪ್ರತಿ, ಹಳೇ ಪಠ್ಯಪುಸ್ತಕ ಎಲ್ಲಾ ಸೇರಿ 527 ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಿಗೆ, ಬಂದ ದಾರಿಯಲ್ಲೇ. ಗೆದ್ದಲು ತಿಂದ 145 ಮಾತ್ರ ರದ್ದಿ, ಅದೂ ಟಿಪ್ಪಣಿ ಇದ್ದ ಹಾಳೆಗಳ ಫೋಟೊ ತೆಗೆದ ಮೇಲೆ.

ಸಂಸ್ಥೆಗಳು ‘ಇಡೀ ಸಂಗ್ರಹ, ಪ್ರತ್ಯೇಕ ಕೋಣೆ, ಲೇಖಕರ ಹೆಸರಿನ ಫಲಕ’ ಎಂಬ ಷರತ್ತಿಗೆ ಹಿಂಜರಿಯುತ್ತವೆ, ಅದು ಅಹಂಕಾರವಲ್ಲ, ಜಾಗದ ಪ್ರಶ್ನೆ. ಪಟ್ಟಿ ಕೈಯಲ್ಲಿದ್ದಾಗ ಮಾತು ಬೇರೆಯಾಗುತ್ತದೆ. ತಮ್ಮಲ್ಲಿ ಈಗಾಗಲೇ ಇರುವುದನ್ನು ಹೊಂದಿಸಿ ನೋಡಿ, ಗುರುತು ಇರುವ ಪ್ರತಿಗಳಾದರೆ ಎರಡನೆಯದಾದರೂ ತೆಗೆದುಕೊಳ್ಳುತ್ತೇವೆ ಎಂದರು. ದಾನಪತ್ರದಲ್ಲಿ ನಾಲ್ಕೇ ಅಂಶ: ಗುರುತಿನ ಪುಸ್ತಕಗಳು ಒಂದೇ ಕಡೆ ಇರಬೇಕು, ಪುಸ್ತಕ ಸೇರಿಸಿಕೊಂಡಾಗ ಕೊಡುವ ಪರಿಗ್ರಹಣ ಸಂಖ್ಯೆಗಳ ಪಟ್ಟಿಯ ಒಂದು ಪ್ರತಿ ಮನೆಯವರಿಗೆ ಕೊಡಬೇಕು, ತೆಗೆದುಹಾಕುವುದಾದರೆ ಮೊದಲು ತಿಳಿಸಬೇಕು, ಮರುಬೈಂಡ್ ಮಾಡುವಾಗ ಅಂಚು ಕತ್ತರಿಸಬಾರದು. ಹಲಗೆಗಳ ಫೋಟೊಗಳ ಪ್ರತಿಯೂ ಪಟ್ಟಿಯ ಜೊತೆ ಹೋಯಿತು.

ಸಾಗಿಸಲು ಐದು ಪದರದ ಸಣ್ಣ ರಟ್ಟಿನ ಪೆಟ್ಟಿಗೆ, ಒಂದಕ್ಕೆ 45 ಪುಸ್ತಕ, 15 ಕೆ.ಜಿ. ಮೀರದ ಹಾಗೆ. ಪುಸ್ತಕ ಮಲಗಿಸಬೇಕು, ಇಲ್ಲವೇ ಬೆನ್ನು ಕೆಳಗೆ. ತೆರೆಯುವ ಅಂಚು ಕೆಳಗಾದರೆ ಸ್ವಂತ ಭಾರಕ್ಕೇ ಬೈಂಡು ಕಳಚುತ್ತದೆ. ಪೆಟ್ಟಿಗೆಯ ಎರಡು ಬದಿಗೂ ಸಂಖ್ಯೆ ಬರೆಯಬೇಕು. ಟೆಂಪೋದವರು ಯಾವ ಬದಿ ಗೋಡೆಗೆ ಒತ್ತಿ ಇಳಿಸುತ್ತಾರೆ ಎಂದು ಹೇಳಲಾಗದು.

ನಿಯತಕಾಲಿಕೆಗಳ 38 ಕಟ್ಟು ಇನ್ನೂ ಇತ್ಯರ್ಥವಾಗಿಲ್ಲ. ಬಿಡಿ ಸಂಚಿಕೆಗಳನ್ನು ಯಾವ ಗ್ರಂಥಾಲಯವೂ ಒಪ್ಪುವುದಿಲ್ಲ, ಸಂಪುಟ ಪೂರ್ಣವಿದ್ದರೆ ಕೇಳುತ್ತಾರೆ. ಅದಕ್ಕೆ ಸಂಪುಟ, ಸಂಚಿಕೆ, ತಿಂಗಳು ಎಂದು ಬೇರೆಯದೇ ಪಟ್ಟಿ ಬೇಕು. ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿ ಸಿಗುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಈಗಾಗಲೇ ಸ್ಕ್ಯಾನ್ ಆಗಿರುವ ಸಂಚಿಕೆಗಳನ್ನು ಹೊಂದಿಸಿ ನೋಡಿ, ಅಲ್ಲಿಲ್ಲದವನ್ನು ಮೊದಲು ಬೇರ್ಪಡಿಸುವ ಕೆಲಸ ಮಗಳ ಫ್ಲ್ಯಾಟಿನ ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ಭಾನುವಾರಗಳಂದು ನಡೆಯುತ್ತಿದೆ. ಮಳೆಗಾಲಕ್ಕೆ ಮೊದಲು ಅಲ್ಲಿಗೆ ಒಂದು ಕಬ್ಬಿಣದ ಬೀರು, ಬಟ್ಟೆ ಚೀಲಗಳಲ್ಲಿ ಅರ್ಧ ಕೆ.ಜಿ. ಸಿಲಿಕಾ ಜೆಲ್, ಒಂದು ತೇವಾಂಶ ಮಾಪಕ ತರಬೇಕಿದೆ.